ನಾಯಿಮರಿಗಳ ಮಾರಾಟ ಮತ್ತು ತಾಯಿನಾಯಿಯ ಹಿತರಕ್ಷಣೆ

(ಭಾಷಣದ ಪಾಠ)

ನಾಯಿಮರಿಯನ್ನು ಕೊಳ್ಳಲು ಬರುವವರ ಗಮನವೆಲ್ಲ ಸಾಮಾನ್ಯವಾಗಿ ಮರಿಯ ಮೇಲೆಯೇ ಇರುತ್ತದೆ. ಅದರ ತಳಿ, ಬಣ್ಣ, ಬೆಲೆ ಇವುಗಳನ್ನು ವಿಚಾರಿಸುತ್ತಾರೆ. ಆ ಮರಿಯನ್ನು ಹೆತ್ತ ತಾಯಿ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಇದು ಅದಕ್ಕೆ ಎಷ್ಟನೆಯ ಸೂಲು ಎಂದು ಕೇಳುವವರು ವಿರಳ. ಕೇಂದ್ರ ಸರ್ಕಾರವು 2017ರ ಮೇ ತಿಂಗಳಲ್ಲಿ ಹೊರಡಿಸಿದ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಯಾರೂ ಕೇಳದ ಈ ಪ್ರಶ್ನೆಗಳಿಗೇ ಉತ್ತರ ಬಯಸುತ್ತವೆ.

ಈ ನಿಯಮಗಳ ಮೂಲ 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದಲ್ಲಿದೆ. ಖ್ಯಾತ ನೃತ್ಯ ಕಲಾವಿದೆ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ನಡೆಸಿದ ಪ್ರಯತ್ನವು ಆ ಅಧಿನಿಯಮಕ್ಕೆ ದಾರಿ ಮಾಡಿಕೊಟ್ಟಿತು. 1962ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಪ್ರಥಮ ಅಧ್ಯಕ್ಷೆಯಾದರು. ಜೀವಿಗಳಲ್ಲಿ ದಯೆ ತೋರುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯೂ ಹೇಳುತ್ತದೆ.

ಕಾನೂನು ಇದ್ದ ಮಾತ್ರಕ್ಕೆ ಅದು ಜಾರಿಯಾಗುತ್ತದೆಂದು ಹೇಳಲಾಗದು. ನೆರೆಯ ಕೇರಳ ರಾಜ್ಯ ಇದಕ್ಕೆ ನಿದರ್ಶನ. 2021ರ ಜೂನ್ ತಿಂಗಳಲ್ಲಿ ತಿರುವನಂತಪುರ ಜಿಲ್ಲೆಯ ಅಡಿಮಲತ್ತುರ ಕಡಲತೀರದಲ್ಲಿ ಬ್ರೂನೋ ಎಂಬ ಸಾಕುನಾಯಿಯನ್ನು ಹೊಡೆದು ಕೊಲ್ಲಲಾಯಿತು. ಕೊಚ್ಚಿಯಲ್ಲಿರುವ ಕೇರಳ ಉಚ್ಚ ನ್ಯಾಯಾಲಯವು ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡು, ಅದಕ್ಕೆ ಆ ನಾಯಿಯ ಹೆಸರನ್ನೇ ಇಟ್ಟಿತು. ಸಾಕುಪ್ರಾಣಿಗಳ ಒಡೆಯರು ಆರು ತಿಂಗಳೊಳಗೆ ಸ್ಥಳೀಯ ಸಂಸ್ಥೆಯಲ್ಲಿ ನೋಂದಣಿ ಮಾಡಿಸಿಕೊಳ್ಳುವಂತೆ ಕ್ರಮ ಕೈಗೊಳ್ಳಬೇಕೆಂದೂ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯನ್ನು ಪುನಾರಚಿಸಬೇಕೆಂದೂ ಅದು ಸೂಚಿಸಿತು. ತಳಿ ಸಂವರ್ಧಕರ ನೋಂದಣಿ ಮಾಡಬೇಕಾದುದು ಈ ಮಂಡಳಿಯೇ ಆದುದರಿಂದ, ಮಂಡಳಿ ನಿಷ್ಕ್ರಿಯವಾದರೆ ನಿಯಮಗಳೂ ಕಾಗದದ ಮೇಲೆಯೇ ಉಳಿಯುತ್ತವೆ.

ಇಲ್ಲಿ ಎರಡು ಬಗೆಯ ಅನುಮತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಮನೆಯಲ್ಲಿ ನಾಯಿ ಸಾಕುವವರು ಪಂಚಾಯತಿ, ನಗರಸಭೆ ಅಥವಾ ಮಹಾನಗರಪಾಲಿಕೆಯಿಂದ ಪರವಾನಗಿ ಪಡೆಯುತ್ತಾರೆ. ನಾಯಿಗಳಿಂದ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಮೊದಲನೆಯದು ಎರಡನೆಯದಕ್ಕೆ ಬದಲಿಯಾಗದು. ತಿರುವನಂತಪುರದ ವ್ಯಾಪಾರಿಗೆ ಅನ್ವಯಿಸುವ ಈ ಮಾತು ಕಾಸರಗೋಡಿನ ಕನ್ನಡಿಗರಿಗೂ ಅಷ್ಟೇ ಅನ್ವಯಿಸುತ್ತದೆ. 2017ರ ನಿಯಮಗಳು ಕೇಂದ್ರದವಾದುದರಿಂದ ಕರ್ನಾಟಕದಲ್ಲಿಯೂ ವ್ಯವಸ್ಥೆ ಇದೇ.

ನೋಂದಣಿಯ ಶುಲ್ಕ 5,000 ರೂಪಾಯಿ; ಪ್ರಮಾಣಪತ್ರದ ಅವಧಿ ಎರಡು ವರ್ಷ. ನಾಯಿಗಳಿಗೆ ಸಾಕಷ್ಟು ಸ್ಥಳ, ಗಾಳಿ, ಬೆಳಕು, ಆಹಾರ, ನೀರು ಮತ್ತು ಪಶುವೈದ್ಯರ ಆರೈಕೆ ದೊರೆಯುತ್ತಿದೆಯೇ ಎಂಬುದನ್ನು ತಪಾಸಣೆಯ ಮೂಲಕ ನೋಡಲಾಗುತ್ತದೆ. ಕೊಚ್ಚಿಯಂತಹ ಸೆಕೆ ಹಾಗೂ ತೇವಾಂಶದ ಊರಿನಲ್ಲಿ, ಶೀತಪ್ರದೇಶದ ದಟ್ಟ ರೋಮದ ತಳಿಗಳನ್ನು ಇಕ್ಕಟ್ಟಾದ ಗೂಡಿನಲ್ಲಿಟ್ಟರೆ ಅವು ಅನುಭವಿಸುವ ಬವಣೆಯನ್ನು ಯಾರಾದರೂ ಊಹಿಸಬಹುದು.

ತಾಯಿನಾಯಿಗೆ ಸಂಬಂಧಿಸಿದ ಉಪಬಂಧಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯಿಂದಾಗಲಿ, ಎಂಟು ವರ್ಷ ಮೀರಿದ ನಾಯಿಯಿಂದಾಗಲಿ ಮರಿ ಮಾಡಿಸುವಂತಿಲ್ಲ. ಹನ್ನೆರಡು ತಿಂಗಳಲ್ಲಿ ಒಂದೇ ಸೂಲು; ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸಲ್ಲದು. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ. ಗರ್ಭಾವಧಿ ಸುಮಾರು 63 ದಿನ. ನಿರ್ಬಂಧವಿಲ್ಲದಿದ್ದರೆ ಲಾಭದ ಆಸೆಯುಳ್ಳವರು ಪ್ರತಿ ಬೆದೆಯಲ್ಲಿಯೂ ಮರಿ ಮಾಡಿಸುತ್ತಾರೆ. ಹಾಲೂಡಿ ಬಳಲಿದ ಶರೀರ ಚೇತರಿಸಿಕೊಳ್ಳುವ ಮುನ್ನವೇ ಅದು ಮತ್ತೆ ಗರ್ಭ ಹೊರಬೇಕಾಗುತ್ತದೆ. ಮರಿ ಹಾಕುವ ಶಕ್ತಿ ಕುಂದಿದ ದಿನ ಅದು ಬೀದಿಗೆ ಬೀಳುವುದೂ ಉಂಟು.

ಮರಿಗಳಿಗೂ ರಕ್ಷಣೆಯುಂಟು. ಎಂಟು ವಾರ ತುಂಬುವ ಮೊದಲು ಅವುಗಳನ್ನು ಮಾರುವಂತಿಲ್ಲ. ತಾಯಿಯ ಹಾಲು ಮತ್ತು ಒಡಹುಟ್ಟಿದ ಮರಿಗಳ ಸಹವಾಸ ಆ ವಯಸ್ಸಿನಲ್ಲಿ ಅತ್ಯವಶ್ಯ. ಬೇಗನೆ ಅಗಲಿಸಿದ ಮರಿಗಳು ಅಂಜುಬುರುಕುತನಕ್ಕೂ ಕಚ್ಚುವ ಸ್ವಭಾವಕ್ಕೂ ಈಡಾಗುವ ಸಂಭವ ಹೆಚ್ಚು. ಮಾರುವ ಮುನ್ನ ಲಸಿಕೆ ಹಾಕಿಸಿ, ಗುರುತಿಗಾಗಿ ಚರ್ಮದಡಿ ಮೈಕ್ರೋಚಿಪ್ ಅಳವಡಿಸಿ, ದಾಖಲೆ ಇಡಬೇಕು.

ಈ ವ್ಯವಸ್ಥೆಗೆ ಒಂದು ದೊಡ್ಡ ಕೊರತೆಯಿದೆ. 1960ರ ಅಧಿನಿಯಮವು ಪ್ರಾಣಿಹಿಂಸೆಯ ಮೊದಲ ಅಪರಾಧಕ್ಕೆ ಗೊತ್ತುಪಡಿಸಿದ ದಂಡ ಕೇವಲ 10ರಿಂದ 50 ರೂಪಾಯಿ. ಒಂದೊಂದು ಮರಿಯನ್ನು ಸಾವಿರಾರು ರೂಪಾಯಿಗೆ ಮಾರುವವನಿಗೆ ಇದು ಯಾವ ಲೆಕ್ಕ? ಆದುದರಿಂದ ನಿಯಮಪಾಲನೆಯ ನಿಜವಾದ ಬಲ ಕೊಳ್ಳುವವರ ಕೈಯಲ್ಲಿದೆ. ಮರಿ ಕೊಳ್ಳುವವರು ನಾಲ್ಕು ಸಂಗತಿಗಳನ್ನು ತಪ್ಪದೆ ಕೇಳಬೇಕು: ನೋಂದಣಿ ಪ್ರಮಾಣಪತ್ರ, ಮರಿಯ ಜನ್ಮದಿನಾಂಕ, ಲಸಿಕೆಯ ಚೀಟಿ ಹಾಗೂ ಮೈಕ್ರೋಚಿಪ್ಪಿನ ಸಂಖ್ಯೆ. ಇವುಗಳ ಜೊತೆಗೆ ತಾಯಿನಾಯಿಯನ್ನು ಕಣ್ಣಾರೆ ನೋಡಲು ಬಯಸಬೇಕು. ತೋರಿಸಲು ಹಿಂಜರಿಯುವವರಿಂದ ಮರಿ ಕೊಳ್ಳದೆ ಹಿಂದಿರುಗುವುದೇ ಲೇಸು.

ಮಾತುಬಾರದ ಪ್ರಾಣಿ ತನ್ನ ದೂರನ್ನು ಯಾವ ಕಚೇರಿಗೂ ಕೊಂಡೊಯ್ಯಲಾರದು. ಅದರ ಪರವಾಗಿ ಪ್ರಮಾಣಪತ್ರವನ್ನು ಕೇಳುವ ಪ್ರತಿಯೊಬ್ಬ ನಾಗರಿಕನೂ ಕಾನೂನಿನ ಕೈಯನ್ನು ಬಲಪಡಿಸುತ್ತಾನೆ.