ಅಂತರಜಾಲದ ಅರ್ಜಿ ನಮೂನೆ: ಸ್ವೀಕರಿಸುವವರ ಹೊಣೆ



ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ ಚಿಕಲಠಾಣಾ ಪ್ರದೇಶವು ವಿಮಾನ ನಿಲ್ದಾಣಕ್ಕೂ ಕೈಗಾರಿಕಾ ವಸಾಹತಿಗೂ ಹೆಸರಾಗಿದೆ. ಅಲ್ಲಿನ ಸಣ್ಣ ಉದ್ಯಮಿಯಾಗಲಿ, ಬೆಳಗಾವಿಯ ಎರಕದ ಕಾರ್ಖಾನೆಯ ಒಡೆಯರಾಗಲಿ ತಮ್ಮ ಉದ್ದಿಮೆಯ ನೋಂದಣಿಗಾಗಿ ಇಂದು ಕಚೇರಿಯ ಕಿಟಕಿಯ ಮುಂದೆ ಸಾಲುಗಟ್ಟಬೇಕಾಗಿಲ್ಲ. 2020ರ ಜುಲೈ 1ರಂದು ಆರಂಭವಾದ ಉದ್ಯಮ್ ನೋಂದಣಿಯು ಸ್ವಯಂಘೋಷಣೆಯ ಆಧಾರದ ಮೇಲೆ ಅಂತರಜಾಲದಲ್ಲಿಯೇ ನಡೆಯುತ್ತದೆ. ಕಿಟಕಿಯ ಹಿಂದೆ ಕುಳಿತು ಅರ್ಜಿಯನ್ನು ಓದಿ, ತಿದ್ದಿಸಿ, ಸ್ವೀಕೃತಿ ನೀಡುತ್ತಿದ್ದ ಗುಮಾಸ್ತರ ಹೊಣೆಯು ಈಗ ಗಣಕಯಂತ್ರದ ಕ್ರಮವಿಧಿ ಬರೆಯುವವರ ಪಾಲಿಗೆ ಬಂದಿದೆ.

ಮೊದಲನೆಯದಾಗಿ, ಪರಿಶೀಲನೆಯು ಅರ್ಜಿಯನ್ನು ಸ್ವೀಕರಿಸುವ ಗಣಕದಲ್ಲಿ ನಡೆಯತಕ್ಕದ್ದು. ಅರ್ಜಿದಾರರ ಪರದೆಯ ಮೇಲಿನ ತಪಾಸಣೆ ಅವರ ಅನುಕೂಲಕ್ಕೆ ಮಾತ್ರ. ದುರುದ್ದೇಶವುಳ್ಳವರು ಅದನ್ನು ಸುಲಭವಾಗಿ ದಾಟಬಲ್ಲರು. ಬಂದ ಪದಗಳನ್ನು ದತ್ತಾಂಶ ಕೋಶಕ್ಕೆ ನೀಡುವ ಆಜ್ಞೆಯೊಳಗೆ ನೇರವಾಗಿ ಹೆಣೆದರೆ, ಹೆಸರಿನ ಅಂಕಣದಲ್ಲಿ ಬರೆದ ಮಾತೇ ಆಜ್ಞೆಯಾಗಿ ದಾಖಲೆಗಳನ್ನು ಅಳಿಸೀತು. ಆದ್ದರಿಂದ ಆಜ್ಞೆಯನ್ನು ಮೊದಲೇ ಸಿದ್ಧಪಡಿಸಿ, ಅರ್ಜಿದಾರರ ಮಾತನ್ನು ಕೇವಲ ಮೌಲ್ಯವಾಗಿ ಪ್ರತ್ಯೇಕವಾಗಿ ಒಪ್ಪಿಸಬೇಕು.

ಎರಡನೆಯದಾಗಿ, ಜನರ ಹೆಸರಿಗೂ ಊರಿನ ಹೆಸರಿಗೂ ಭಂಗ ಬರಬಾರದು. ‘ಚಿಕಲಠಾಣಾ’ ಎಂಬಲ್ಲಿ ಕಣ್ಣಿಗೆ ಕಾಣುವುದು 5 ಅಕ್ಷರ. ಯೂನಿಕೋಡ್ ಎಣಿಕೆಯಲ್ಲಿ ಅದು 8 ಸಂಕೇತ. ಯುಟಿಎಫ್-8 ರೂಪದಲ್ಲಿ 24 ಬೈಟ್. 20 ಬೈಟ್‌ಗಳಿಗೆ ಕತ್ತರಿಸುವ ಕ್ರಮವಿಧಿಯು ಕೊನೆಯ ‘ಣಾ’ ಅಕ್ಷರವನ್ನು ನಡುವೆಯೇ ತುಂಡರಿಸುತ್ತದೆ. ‘ಕೋಲಾರ’ದ ಮೊದಲ ಅಕ್ಷರವನ್ನು ಒಂದಕ್ಕಿಂತ ಹೆಚ್ಚು ಸಂಕೇತಕ್ರಮಗಳಲ್ಲಿ ಬರೆಯಲು ಸಾಧ್ಯ, ಅವುಗಳನ್ನು ಏಕರೂಪಕ್ಕೆ ತಾರದೆ ಹೋಲಿಸಿದರೆ ಒಂದೇ ಊರು ಎರಡಾಗುತ್ತದೆ. ಹೆಸರುಗಳು ಬದಲಾಗುವುದೂ ಉಂಟು. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳು ಬದಲಾದವು. 2023ರಲ್ಲಿ ಔರಂಗಾಬಾದ್ ಛತ್ರಪತಿ ಸಂಭಾಜಿನಗರವಾಯಿತು. ಆದುದರಿಂದ ಊರನ್ನು ಸ್ಥಿರ ಸಂಖ್ಯೆಯಿಂದ ಗುರುತಿಸಿ, ಹೆಸರನ್ನು ಅದಕ್ಕೆ ಜೋಡಿಸುವುದು ಯುಕ್ತ. ಮನೆತನದ ಹೆಸರಿಲ್ಲದ ಕನ್ನಡಿಗರು ಅನೇಕರಿರುವುದರಿಂದ ಆ ಅಂಕಣವನ್ನು ಕಡ್ಡಾಯಗೊಳಿಸುವುದೂ ಸಲ್ಲದು.

ಮೂರನೆಯದಾಗಿ, ಜಾಲ ನಿಧಾನವಾದಾಗ ಗುಂಡಿಯನ್ನು ಮತ್ತೊಮ್ಮೆ ಒತ್ತುವುದು ಸಹಜ. ಪ್ರತಿಯೊಂದು ನಮೂನೆಗೂ ಒಂದು ವಿಶಿಷ್ಟ ಸಂಖ್ಯೆಯನ್ನು ನೀಡಿ, ಅದೇ ಸಂಖ್ಯೆ ಮರಳಿ ಬಂದಾಗ ಹಿಂದಿನ ಉತ್ತರವನ್ನೇ ಕೊಟ್ಟರೆ ಅರ್ಜಿ ಇಮ್ಮಡಿಯಾಗದು, ಶುಲ್ಕವೂ ಎರಡು ಬಾರಿ ಕಡಿತವಾಗದು. ಅರ್ಜಿಯು ದಾಖಲಾದ ಬಳಿಕವೇ ಸ್ವೀಕೃತಿ ಸಂಖ್ಯೆ ದೊರೆಯಬೇಕು. ತಪ್ಪು ಕಂಡುಬಂದಲ್ಲಿ, ತುಂಬಿದ ವಿವರಗಳನ್ನೆಲ್ಲ ಉಳಿಸಿ, ತಪ್ಪಿರುವ ಅಂಕಣದ ಬಳಿಯೇ ತಿಳಿಗನ್ನಡದಲ್ಲಿ ಸೂಚನೆ ತೋರಿಸಬೇಕು.

ಕೊನೆಯದಾಗಿ, ಅಗತ್ಯವಿಲ್ಲದ ಮಾಹಿತಿಯನ್ನು ಕೇಳಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಪಡೆಯುವ ಉದ್ದೇಶವನ್ನು ತಿಳಿಸಬೇಕೆಂದೂ, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಆ ಸೂಚನೆಯನ್ನು ಓದುವ ಅವಕಾಶವಿರಬೇಕೆಂದೂ ವಿಧಿಸಿದೆ. ಆ ಭಾಷೆಗಳಲ್ಲಿ ಕನ್ನಡವೂ ಒಂದು.

ನಮೂನೆಯನ್ನು ಬಳಕೆಗೆ ಬಿಡುವ ಮುನ್ನ ಉದ್ದನೆಯ ಕನ್ನಡ ಹೆಸರು, ಖಾಲಿ ಅಂಕಣ, ಎರಡು ಬಾರಿ ಒತ್ತಿದ ಗುಂಡಿ ಇವುಗಳಿಂದ ಪರೀಕ್ಷಿಸುವುದು ಒಂದು ದಿನದ ಕೆಲಸ. ಅದನ್ನು ಮಾಡದಿದ್ದಲ್ಲಿ ದೂರದ ಹಳ್ಳಿಯ ಅರ್ಜಿದಾರರು ಒಂದು ದಿನದ ಕೂಲಿ ಬಿಟ್ಟು ಮತ್ತೆ ಪಟ್ಟಣಕ್ಕೆ ಬರಬೇಕಾಗುತ್ತದೆ.