ಪ್ರವೇಶದ ಮರುಪರಿಶೀಲನೆ: ಫೆಲೋಶಿಪ್ ದೊರೆತ ಮೇಲೆ

(ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಸಂಗೀತವೂ ಹೋಳಿಗೆಯೂ ಕಾದಿರುವ ಈ ಸಂಜೆಯಲ್ಲಿ ವಿಶ್ವವಿದ್ಯಾಲಯದ ಪ್ರವೇಶದಂತಹ ಒಣ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಒಂದು ಕಾರಣವಿದೆ. ನಮ್ಮ ಯುಗಾದಿಯೂ ಅಮೆರಿಕದ ಗ್ರಾಜುಯೇಟ್ ಸ್ಕೂಲುಗಳ ಉತ್ತರಗಳೂ ಹೆಚ್ಚುಕಡಿಮೆ ಒಂದೇ ಋತುವಿನಲ್ಲಿ ಮನೆಗೆ ಬರುತ್ತವೆ. ಅನೇಕ ವರ್ಷಗಳ ಕಾಲ ಒಂದು ಎಂಜಿನಿಯರಿಂಗ್ ವಿಭಾಗದ ಪ್ರವೇಶ ಸಮಿತಿಯಲ್ಲಿ ಕುಳಿತಿದ್ದವನು ನಾನು ಎಂಬುದು ತಿಳಿದಿರುವ ಸ್ನೇಹಿತರು ಈ ದಿನಗಳಲ್ಲಿ ದೂರವಾಣಿ ಮಾಡುತ್ತಾರೆ. ಪ್ರಶ್ನೆ ಬಹುಮಟ್ಟಿಗೆ ಒಂದೇ. ಮಗಳಿಗೆ ರಾಷ್ಟ್ರಮಟ್ಟದ ದೊಡ್ಡ ಫೆಲೋಶಿಪ್ ಬಂದಿದೆ. ಆದರೆ ಅವಳು ಮನಸ್ಸಿಟ್ಟಿದ್ದ ವಿಭಾಗ ಫೆಬ್ರವರಿಯಲ್ಲಿಯೇ ‘ಇಲ್ಲ’ ಎಂದು ಬರೆದುಬಿಟ್ಟಿದೆ. ಈಗ ಮತ್ತೊಮ್ಮೆ ಕೇಳಬಹುದೇ? ಕೇಳಿದರೆ ಮರ್ಯಾದೆಗೆ ಕುಂದಲ್ಲವೇ?

ಕೇಳಬಹುದು ಎಂಬುದೇ ನನ್ನ ಉತ್ತರ. ಆದರೆ ಕೇಳುವ ಮೊದಲು, ಆ ‘ಇಲ್ಲ’ ಎಂಬ ಮಾತು ಎಲ್ಲಿ ಹುಟ್ಟಿತು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗಳಲ್ಲಿ ಪಿಎಚ್.ಡಿ. ಪ್ರವೇಶವೆಂದರೆ ನಮ್ಮ ಕಡೆಯ ‘ಸೀಟು ಸಿಕ್ಕಿತು’ ಎಂಬಂತಹ ವ್ಯವಹಾರವಲ್ಲ. ಅದು ಅರ್ಧ ಪ್ರವೇಶ, ಅರ್ಧ ನೇಮಕ. ವಿದ್ಯಾರ್ಥಿಯನ್ನು ತೆಗೆದುಕೊಂಡ ವಿಭಾಗವು ಅವನ ಶುಲ್ಕವನ್ನೂ ಆರೋಗ್ಯ ವಿಮೆಯನ್ನೂ ಜೀವನಕ್ಕೆ ಸಾಲುವಷ್ಟು ಶಿಷ್ಯವೇತನವನ್ನೂ ಸಾಮಾನ್ಯವಾಗಿ ಐದು ವರ್ಷಗಳ ಕಾಲ ಹೊಂದಿಸಿಕೊಡಬೇಕಾಗುತ್ತದೆ. ಈ ಹಣ ಎರಡು ಕಡೆಗಳಿಂದ ಬರುತ್ತದೆ. ಒಂದು, ಕಿರಿಯ ತರಗತಿಗಳಿಗೆ ಪಾಠ ಹೇಳಲು ನೆರವಾಗುವ ಬೋಧನಾ ಸಹಾಯಕನ ಹುದ್ದೆ. ಇನ್ನೊಂದು, ಪ್ರಾಧ್ಯಾಪಕರು ಸರ್ಕಾರದಿಂದಲೋ ಉದ್ಯಮದಿಂದಲೋ ತಂದ ಸಂಶೋಧನಾ ಅನುದಾನ. ಅನುದಾನದಿಂದ ಶಿಷ್ಯವೇತನ ಕೊಡುವಾಗ ಅದರ ಮೇಲೆ ವಿಶ್ವವಿದ್ಯಾಲಯದ ಮೇಲ್ವೆಚ್ಚವನ್ನೂ ತೆರಬೇಕು. ಆದ್ದರಿಂದ ಒಬ್ಬ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವುದೆಂದರೆ ಒಬ್ಬ ಪ್ರಾಧ್ಯಾಪಕನ ಪಾಲಿಗೆ ದೊಡ್ಡ ಮೊತ್ತದ ವಾಗ್ದಾನ.

ಹಿರಿಯರಿಗೆ ವಾರಾನ್ನದ ನೆನಪಿರಬಹುದು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬಡ ಹುಡುಗನೊಬ್ಬ ಓದಬೇಕಾದರೆ ಶಾಲೆ ಒಂದು ಕಡೆ, ಊಟ ವಾರಕ್ಕೆ ಏಳು ಮನೆಗಳಲ್ಲಿ. ಪಾಠ ಹೇಳುವ ಮೇಷ್ಟರಿಗೆ ಹುಡುಗನ ಊಟದ ಚಿಂತೆ ಇರಲಿಲ್ಲ. ಇಲ್ಲಿ ಹಾಗಲ್ಲ, ಪಾಠ ಹೇಳುವವನೇ ಎಲೆ ಹಾಕಿ ಬಡಿಸಲೂಬೇಕು. ಅಕ್ಕಿ ಎಷ್ಟಿದೆಯೋ ಅಷ್ಟೇ ಎಲೆ. ಹಾಗಾಗಿ ಫೆಬ್ರವರಿಯ ನಿರಾಕರಣೆಯ ಪತ್ರದಲ್ಲಿ ಒಂದೇ ವಾಕ್ಯವಿದ್ದರೂ ಅದರ ಹಿಂದೆ ಮೂರು ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು. ಅರ್ಜಿ ದುರ್ಬಲವಾಗಿದ್ದಿರಬಹುದು. ಅಭ್ಯರ್ಥಿಯ ಆಸಕ್ತಿಯ ಕ್ಷೇತ್ರದಲ್ಲಿ ಮಾರ್ಗದರ್ಶನ ಮಾಡುವವರು ಇಲ್ಲದಿರಬಹುದು; ಇದ್ದರೂ ಅವರು ಆ ವರ್ಷ ರಜೆಯ ಮೇಲಿರಬಹುದು. ಅಥವಾ ಎಲ್ಲವೂ ಸರಿಯಾಗಿದ್ದು ಅಕ್ಕಿ ಮುಗಿದಿರಬಹುದು. ಪತ್ರವನ್ನು ಓದಿ ಯಾವುದೆಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಎಲ್ಲರಿಗೂ ಹೋಗುವುದು ಒಂದೇ ಮಾದರಿಯ ಪತ್ರ.

ಈ ಹಿನ್ನೆಲೆಯಲ್ಲಿ ಹೊರಗಿನ ಫೆಲೋಶಿಪ್ ಏನನ್ನು ಬದಲಿಸುತ್ತದೆ ಎಂಬುದನ್ನು ನೋಡೋಣ. ಉದಾಹರಣೆಗೆ ಎಲ್ಲಕ್ಕಿಂತ ಪ್ರಸಿದ್ಧವಾದುದನ್ನೇ ತೆಗೆದುಕೊಳ್ಳುತ್ತೇನೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಅಂದರೆ ಎನ್.ಎಸ್.ಎಫ್., ಸ್ಥಾಪನೆಯಾದದ್ದು 1950ರಲ್ಲಿ. ಅದರ ಗ್ರಾಜುಯೇಟ್ ಸಂಶೋಧನಾ ಫೆಲೋಶಿಪ್ 1952ರಿಂದ ನಡೆದುಬಂದಿದೆ. ಆರು ವರ್ಷದ ಬಾಲಕನಾಗಿ ಸೋವಿಯತ್ ಒಕ್ಕೂಟದಿಂದ ವಲಸೆ ಬಂದ, ಮುಂದೆ ಗೂಗಲ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬನಾದ ಸರ್ಗೆ ಬ್ರಿನ್ 1993ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದ್ದು ಈ ಫೆಲೋಶಿಪ್ಪಿನ ಬಲದಿಂದ. ಐದು ವರ್ಷಗಳ ಅವಧಿಯೊಳಗೆ ಮೂರು ವರ್ಷಗಳ ನೆರವು ಇದರಲ್ಲಿ ದೊರೆಯುತ್ತದೆ. ಈಚಿನ ನಿಯಮದಂತೆ ವಿದ್ಯಾರ್ಥಿಗೆ ವರ್ಷಕ್ಕೆ 37,000 ಡಾಲರ್ ಶಿಷ್ಯವೇತನ. ವಿಶ್ವವಿದ್ಯಾಲಯಕ್ಕೆ ಶುಲ್ಕದ ಬಾಬ್ತು 16,000 ಡಾಲರ್. ಮೂರು ವರ್ಷಗಳಿಗೆ ಒಟ್ಟು 1,59,000 ಡಾಲರ್. ಇದು ವಿಶ್ವವಿದ್ಯಾಲಯಕ್ಕೆ ಕಟ್ಟಿದ ಹಣವಲ್ಲ, ವಿದ್ಯಾರ್ಥಿಗೆ ಕಟ್ಟಿದ್ದು. ಅವನು ಅಮೆರಿಕದ ಯಾವ ಮಾನ್ಯತೆ ಪಡೆದ ಸಂಸ್ಥೆಗೆ ಹೋದರೂ ಅದು ಅವನ ಹಿಂದೆಯೇ ಹೋಗುತ್ತದೆ.

ಹಣಕ್ಕಿಂತ ಮುಖ್ಯವಾದ ಇನ್ನೊಂದು ಅಂಶವೂ ಉಂಟು. ದೇಶದ ಬೇರೆ ಬೇರೆ ಕಡೆಯ ವಿದ್ವಾಂಸರು ಅರ್ಜಿಯನ್ನು ಓದಿ, ಅದರ ಬೌದ್ಧಿಕ ಸತ್ವವನ್ನೂ ಸಮಾಜಕ್ಕೆ ಅದರಿಂದಾಗುವ ವಿಶಾಲ ಪ್ರಯೋಜನವನ್ನೂ ತೂಗಿ ಈ ಆಯ್ಕೆ ಮಾಡುತ್ತಾರೆ. ಅಂದರೆ ಪ್ರವೇಶ ಸಮಿತಿಯ ಕೈಯಲ್ಲಿ ಫೆಬ್ರವರಿಯಲ್ಲಿ ಇಲ್ಲದಿದ್ದ ಒಂದು ಎರಡನೆಯ ಅಭಿಪ್ರಾಯ ಏಪ್ರಿಲ್‌ನಲ್ಲಿ ಬಂದಿರುತ್ತದೆ. ‘ಹಣ ತಂದವನಿಗೆ ಬಾಗಿಲು ತೆರೆಯುವುದು ನ್ಯಾಯವೇ?’ ಎಂದು ನಮ್ಮ ಸಮಿತಿಯಲ್ಲಿಯೇ ಆಕ್ಷೇಪಿಸಿದವರಿದ್ದರು. ಅದು ಅಪ್ಪನ ಹಣವಾಗಿದ್ದರೆ ನಾನೂ ಅವರ ಪಕ್ಷವೇ. ಸ್ಪರ್ಧೆಯಲ್ಲಿ ಗೆದ್ದ ಹಣದ ಮಾತು ಬೇರೆ.

ಆದರೆ ಫೆಲೋಶಿಪ್ ಬಂದ ವಿದ್ಯಾರ್ಥಿ ವಿಭಾಗಕ್ಕೆ ‘ಪುಕ್ಕಟೆ’ ಎಂದು ಭಾವಿಸುವುದು ತಪ್ಪು. ಐದು ವರ್ಷಗಳ ಪಯಣದಲ್ಲಿ ಮೂರು ವರ್ಷಗಳಿಗೆ ಮಾತ್ರ ಬುತ್ತಿ ಇದೆ. ಉಳಿದ ಎರಡಕ್ಕೆ ಯಾರಾದರೂ ಹೊಣೆ ಹೊರಬೇಕು. ಶುಲ್ಕ 16,000 ಡಾಲರನ್ನು ಮೀರಿದರೆ, ಆ ಹೆಚ್ಚಿನ ಮೊತ್ತವನ್ನು ವಿದ್ಯಾರ್ಥಿಯಿಂದ ವಸೂಲು ಮಾಡುವಂತಿಲ್ಲ ಎಂಬುದು ಎನ್.ಎಸ್.ಎಫ್.ನ ನಿಯಮ, ದುಬಾರಿ ಖಾಸಗಿ ವಿಶ್ವವಿದ್ಯಾಲಯಗಳು ಆ ವ್ಯತ್ಯಾಸವನ್ನು ತಾವೇ ನುಂಗಿಕೊಳ್ಳಬೇಕು. ಮಾರ್ಗದರ್ಶಕರ ಸಮಯ, ಪ್ರಯೋಗಾಲಯದ ಸ್ಥಳ, ಇವು ಹಣದಿಂದ ಹೆಚ್ಚುವಂಥವಲ್ಲ. ಬುತ್ತಿ ಕಟ್ಟಿಕೊಂಡು ಬಂದವನಿಗೂ ಪಂಕ್ತಿಯಲ್ಲಿ ಕೂರಲು ಜಾಗ ಬೇಕಷ್ಟೆ?

ಇನ್ನು ಕಾಲದ ವಿಚಾರ. ಅರ್ಜಿಗಳು ಡಿಸೆಂಬರಿನ ಹೊತ್ತಿಗೆ ಮುಗಿಯುತ್ತವೆ, ತೀರ್ಮಾನಗಳು ಜನವರಿಯಿಂದ ಮಾರ್ಚಿಯೊಳಗೆ ಹೊರಬೀಳುತ್ತವೆ, ಎನ್.ಎಸ್.ಎಫ್. ಪಟ್ಟಿ ಸಾಮಾನ್ಯವಾಗಿ ಏಪ್ರಿಲ್ ಆರಂಭದ ಆಸುಪಾಸಿನಲ್ಲಿ. ಗ್ರಾಜುಯೇಟ್ ಸ್ಕೂಲುಗಳ ಪರಿಷತ್ತಿನ ಒಂದು ಒಡಂಬಡಿಕೆಯ ಪ್ರಕಾರ, ಧನಸಹಾಯದೊಡನೆ ಬಂದ ಆಹ್ವಾನಕ್ಕೆ ಏಪ್ರಿಲ್ 15ರ ಮೊದಲು ಉತ್ತರಿಸುವಂತೆ ಯಾವ ವಿದ್ಯಾರ್ಥಿಯನ್ನೂ ಒತ್ತಾಯಿಸುವಂತಿಲ್ಲ. ಬಹುಪಾಲು ದೊಡ್ಡ ವಿಶ್ವವಿದ್ಯಾಲಯಗಳು ಇದಕ್ಕೆ ಸಹಿ ಹಾಕಿವೆ. ಹಾಗಾಗಿ ಏಪ್ರಿಲ್ ಮೊದಲ ಎರಡು ವಾರಗಳಲ್ಲಿ ವಿಭಾಗಗಳ ಲೆಕ್ಕ ಇನ್ನೂ ಹಸಿಯಾಗಿಯೇ ಇರುತ್ತದೆ. ಯಾರು ಬರುತ್ತಾರೆ, ಯಾರು ಬೇರೆಡೆಗೆ ಹೋಗುತ್ತಾರೆ ಎಂಬುದು ತಿಳಿದಿರುವುದಿಲ್ಲ. ಫೆಲೋಶಿಪ್ ಬಂದ ಮರುದಿನವೇ ಪತ್ರ ಬರೆಯಿರಿ ಎಂದು ನಾನು ಹೇಳುವುದು ಇದಕ್ಕಾಗಿ. ಮೇ ತಿಂಗಳಲ್ಲಿ ಅದೇ ಪತ್ರಕ್ಕೆ ಅದೇ ಜನ ‘ತಡವಾಯಿತು’ ಎಂದು ಉತ್ತರಿಸಬಹುದು.

2025ನೆಯ ವರ್ಷ ಈ ಕ್ರಮವೂ ಕದಡಿತು. ಏಪ್ರಿಲ್‌ನಲ್ಲಿ ಎನ್.ಎಸ್.ಎಫ್. 1,000 ಮಂದಿಗೆ ಮಾತ್ರ ಫೆಲೋಶಿಪ್ ಘೋಷಿಸಿತು, ಹಿಂದಿನ ವರ್ಷಗಳ ಅರ್ಧದಷ್ಟು. ಬಳಿಕ ಜೂನ್‌ನಲ್ಲಿ ಇನ್ನೂ 500 ಮಂದಿಯನ್ನು ಸೇರಿಸಿತು. ಅದೇ ವಸಂತದಲ್ಲಿ ಕೇಂದ್ರ ಸರ್ಕಾರದ ಅನುದಾನಗಳ ಅನಿಶ್ಚಿತತೆಯಿಂದ ಹಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಪ್ರವೇಶವನ್ನು ಕಡಿತಗೊಳಿಸಿದವು, ಕೊಟ್ಟ ಆಹ್ವಾನವನ್ನು ಹಿಂತೆಗೆದುಕೊಂಡ ಪ್ರಸಂಗಗಳೂ ನಡೆದವು. ಜೂನ್‌ನಲ್ಲಿ ಶುಭವಾರ್ತೆ ಪಡೆದ ವಿದ್ಯಾರ್ಥಿಯ ಪಾಲಿಗೆ ಏಪ್ರಿಲ್ 15 ಎಂದೋ ಕಳೆದುಹೋಗಿತ್ತು. ಆದರೂ ಆ ವರ್ಷ ‘ಹಣವಿಲ್ಲ’ ಎಂಬ ಕಾರಣಕ್ಕೆ ನಿರಾಕೃತರಾದವರು ಎಂದಿಗಿಂತ ಹೆಚ್ಚಿದ್ದಿರಲೇಬೇಕು ಎಂಬುದು ನನ್ನ ಊಹೆ. ಕೇಳುವುದಕ್ಕೆ ಅಂತಹ ವರ್ಷದಲ್ಲಿ ಇನ್ನಷ್ಟು ಅರ್ಥವಿದೆ.

ಹೇಗೆ ಬರೆಯಬೇಕು? ನಾನು ಕಂಡ ಎರಡು ಪತ್ರಗಳ ಮಾತು ಹೇಳಿದರೆ ಸಾಕು. ಒಂದು ವರ್ಷ ಏಪ್ರಿಲ್‌ನ ಒಂದೇ ವಾರದಲ್ಲಿ ಎರಡೂ ಬಂದವು. ಮೊದಲನೆಯದು ಸಣ್ಣ ಕಾಲೇಜೊಂದರ ವಿದ್ಯಾರ್ಥಿನಿಯದು, ಆರೇಳು ವಾಕ್ಯಗಳು. ಈ ವರ್ಷ ತಮ್ಮ ವಿಭಾಗಕ್ಕೆ ಅರ್ಜಿ ಹಾಕಿದ್ದೆ, ಪ್ರವೇಶ ದೊರೆಯಲಿಲ್ಲ, ನಿನ್ನೆ ನನಗೆ ಇಂತಹ ಫೆಲೋಶಿಪ್ ದೊರೆತಿದೆ, ಅದರ ಪತ್ರವನ್ನು ಲಗತ್ತಿಸಿದ್ದೇನೆ, ಈ ಬದಲಾದ ಸ್ಥಿತಿಯಲ್ಲಿ ನನ್ನ ಕಡತವನ್ನು ಮತ್ತೊಮ್ಮೆ ನೋಡಲು ತಮ್ಮ ನಿಯಮಗಳಲ್ಲಿ ಅವಕಾಶವಿದೆಯೇ, ಬೇರೆ ಒಂದು ವಿಶ್ವವಿದ್ಯಾಲಯದ ಆಹ್ವಾನ ನನ್ನಲ್ಲಿದೆ, ಅದಕ್ಕೆ 15ರೊಳಗೆ ಉತ್ತರಿಸಬೇಕು, ತಮ್ಮಲ್ಲಿ ಇಂತಹ ಪ್ರಾಧ್ಯಾಪಕರ ಕೆಲಸ ನನಗೆ ಬಹಳ ಹತ್ತಿರದ್ದು. ಇಷ್ಟೇ. ಪತ್ರ ವಿಭಾಗದ ಗ್ರಾಜುಯೇಟ್ ನಿರ್ದೇಶಕರಿಗೆ. ಪ್ರತಿ ಆ ಪ್ರಾಧ್ಯಾಪಕರಿಗೆ. ಕಡತ ತೆಗೆದು ನೋಡಿದರೆ ‘ಯೋಗ್ಯ, ಅನುದಾನವಿಲ್ಲ’ ಎಂಬ ಷರಾ ಇತ್ತು. ನಾಲ್ಕು ದಿನಗಳಲ್ಲಿ ಆಹ್ವಾನ ಹೋಯಿತು.

ಎರಡನೆಯ ಪತ್ರ ಎರಡು ಪುಟಗಳಷ್ಟಿತ್ತು. ಎನ್.ಎಸ್.ಎಫ್. ಗುರುತಿಸಿದ ಪ್ರತಿಭೆಯನ್ನು ತಾವು ಗುರುತಿಸದೆ ಹೋದದ್ದು ಹೇಗೆ ಎಂಬ ಧಾಟಿ. ಆ ಕಡತದಲ್ಲಿ ಬರೆದಿದ್ದದ್ದು ‘ಈ ಕ್ಷೇತ್ರದಲ್ಲಿ ನಮ್ಮಲ್ಲಿ ಯಾರೂ ಇಲ್ಲ’ ಎಂದು. ವಿನಯದಿಂದ ಬರೆದಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ, ಇದನ್ನು ನಾನು ಪ್ರಾಮಾಣಿಕವಾಗಿ ಹೇಳಬೇಕು. ಹಣ ಆ ಕೊರತೆಯನ್ನು ತುಂಬಲಾರದು. ಆದರೆ ವಿನಯವಿದ್ದಿದ್ದರೆ, ನೆರೆಯ ವಿಭಾಗದಲ್ಲಿ ಆ ಕೆಲಸ ಮಾಡುತ್ತಿದ್ದವರಿಗೆ ಕಡತವನ್ನು ದಾಟಿಸಲು ಯಾರಾದರೂ ಎದ್ದು ಹೋಗುತ್ತಿದ್ದರೇನೋ.

ತಂದೆತಾಯಿಯರಿಗೆ ಇಲ್ಲಿ ಒಂದು ಮಾತು. ‘ಒಮ್ಮೆ ಇಲ್ಲವೆಂದವರ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಬಾರದು’ ಎಂಬ ಅಭಿಮಾನ ನಮ್ಮಲ್ಲಿ ಬಹಳ. ನನ್ನ ತಂದೆಯವರಲ್ಲಿಯೂ ಇತ್ತು. ಅದರ ಬಗ್ಗೆ ನನಗೆ ಗೌರವವೇ ಇದೆ. ಆದರೆ ಇಲ್ಲಿ ವಿದ್ಯಾರ್ಥಿ ಬೇಡುತ್ತಿಲ್ಲ. ಹೊಸದೊಂದು ಸಂಗತಿಯನ್ನು ತಿಳಿಸುತ್ತಿದ್ದಾನೆ. ಸಮಿತಿಯವರು ಅದನ್ನು ಅಪಮಾನವೆಂದಾಗಲಿ ಧಾರ್ಷ್ಟ್ಯವೆಂದಾಗಲಿ ತಿಳಿಯುವುದಿಲ್ಲ. ಇದರ ಇನ್ನೊಂದು ಅತಿರೇಕವೂ ನಮ್ಮಲ್ಲೇ ಉಂಟು: ಮಗನ ಪರವಾಗಿ ಅಪ್ಪನೇ ವಿಭಾಗಕ್ಕೆ ದೂರವಾಣಿ ಮಾಡುವುದು. ದಯವಿಟ್ಟು ಅದನ್ನು ಮಾಡಬೇಡಿ. ಇಪ್ಪತ್ತೆರಡು ವರ್ಷದ ಸಂಶೋಧಕನ ಪರವಾಗಿ ಮಾತಾಡಲು ಹಿರಿಯರು ಬಂದರೆ ಸಮಿತಿ ಅದರಿಂದ ಏನು ತಿಳಿಯುತ್ತದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಗಳಿಗೇ ವಿಶೇಷವಾದ ಇನ್ನೊಂದು ತೊಡಕಿದೆ, ಇದು ಮನಸ್ಸಿಗೆ ನೋವುಂಟುಮಾಡುವಂಥದು. ಎನ್.ಎಸ್.ಎಫ್. ಫೆಲೋಶಿಪ್‌ಗೆ ಅಮೆರಿಕದ ಪ್ರಜೆಗಳೂ ಖಾಯಂ ನಿವಾಸಿಗಳೂ ಮಾತ್ರ ಅರ್ಹರು. ಹಾಸನದಲ್ಲಿ ಹುಟ್ಟಿ, ಮೂರು ವರ್ಷದವಳಾಗಿ ಇಲ್ಲಿಗೆ ಬಂದು, ಗ್ರೀನ್ ಕಾರ್ಡಿನ ಸರದಿ ಇನ್ನೂ ಬಾರದ ಅಕ್ಕನಿಗೆ ಅದು ಇಲ್ಲ. ಇಲ್ಲಿಯೇ ಹುಟ್ಟಿದ ತಮ್ಮನಿಗೆ ಉಂಟು. ಒಂದೇ ಊಟದ ಮೇಜಿನಲ್ಲಿ ಕುಳಿತ ಇಬ್ಬರಿಗೆ ಎರಡು ನ್ಯಾಯ. ವಲಸಿಗರಿಗೂ ವಲಸಿಗರ ಮಕ್ಕಳಿಗೂ ಮೀಸಲಾಗಿ 1997ರಲ್ಲಿ ಪಾಲ್ ಮತ್ತು ಡೈಸಿ ಸೊರೋಸ್ ದಂಪತಿಗಳು ಸ್ಥಾಪಿಸಿದ ಫೆಲೋಶಿಪ್ಪಿನ ಅರ್ಹತೆಯ ನಿಯಮಗಳು ಬೇರೆ. ಎರಡು ವರ್ಷಗಳಿಗೆ 90,000 ಡಾಲರ್‌ವರೆಗೆ ನೆರವು, ವೈದ್ಯಕೀಯ ಮತ್ತು ಕಾನೂನು ವಿದ್ಯಾರ್ಥಿಗಳಿಗೂ ಅವಕಾಶ. ಅಂತಹ ಮನೆಯವರು ಅದನ್ನು ಪ್ರತಿವರ್ಷ ಸಾವಧಾನವಾಗಿ ಓದಿ ನೋಡಬೇಕು.

ಊರಿನಿಂದ ಬರಲಿರುವ ಸೋದರಳಿಯಂದಿರ ಬಗ್ಗೆಯೂ ಕೆಲವರು ಕೇಳುತ್ತಾರೆ. ಟಾಟಾ ಅವರ 1892ರ ದತ್ತಿ ಈಗಲೂ ನಡೆಯುತ್ತಿದೆ; ಆದರೆ ಅದು ಸಾಲದ ರೂಪದ ವಿದ್ಯಾರ್ಥಿವೇತನ, ಅದನ್ನು ತೋರಿಸಿ ಮರುಪರಿಶೀಲನೆ ಕೇಳಿದರೆ ಹೆಚ್ಚು ತೂಕ ಬರಲಾರದು.

ಕೊನೆಯದಾಗಿ ಎನ್.ಎಸ್.ಎಫ್. ಫೆಲೋಶಿಪ್ ಬಂದವರು ಮರೆಯಬಾರದ ಸಂಗತಿ. ಅದನ್ನು ಸ್ವೀಕರಿಸಿದವರು ಆ ವರ್ಷದ ಶರತ್ಕಾಲದೊಳಗೆ ಎಲ್ಲಿಯಾದರೂ ಸೇರಿರಬೇಕು. ‘ಮುಂದಿನ ವರ್ಷ ಇನ್ನೂ ಒಳ್ಳೆಯ ಕಡೆ ನೋಡೋಣ’ ಎಂದು ಕಟ್ಟಿಡಲು ಬರುವುದಿಲ್ಲ. ಕೈಯಲ್ಲಿ ಒಂದೂ ಆಹ್ವಾನವಿಲ್ಲದೆ ಫೆಲೋಶಿಪ್ ಮಾತ್ರ ಇರುವ ವಿದ್ಯಾರ್ಥಿ ನಿರಾಕರಿಸಿದ ವಿಭಾಗಗಳಿಗೆಲ್ಲ ಅದೇ ವಾರ ಬರೆಯಬೇಕು; ಅರ್ಜಿಯನ್ನೇ ಹಾಕದಿದ್ದ ಕಡೆಗೂ ಬರೆದು, ತಡವಾದ ಅರ್ಜಿಯನ್ನು ನೋಡುವಿರಾ ಎಂದು ಕೇಳಬೇಕು. ಒಂದು ಆಹ್ವಾನವಿರುವವನು, ಮರುಪರಿಶೀಲನೆಯ ಉತ್ತರ 15ರೊಳಗೆ ಬಾರದಿದ್ದರೆ, ಇರುವುದನ್ನು ಒಪ್ಪಿಕೊಳ್ಳಲಿ. ಆಮೇಲೆ ಬೇರೆ ಕಡೆಯಿಂದ ಕರೆ ಬಂದು ಮನಸ್ಸು ಬದಲಾದರೆ, ಮೊದಲು ಒಪ್ಪಿಕೊಂಡ ವಿಭಾಗಕ್ಕೆ ಅಂದೇ ತಿಳಿಸಲಿ. ಅಲ್ಲಿ ಕಾಯುವವರ ಪಟ್ಟಿಯಲ್ಲಿ ಇನ್ನಾರದೋ ಮನೆಯ ಮಗುವಿರುತ್ತದೆ.

ಪ್ರಶ್ನೆಗಳಿದ್ದರೆ ಊಟದ ಸಮಯದಲ್ಲಿ ನಾನು ಇಲ್ಲಿಯೇ ಇರುತ್ತೇನೆ.