ದೊಡ್ಡ ಫೋನ್ ನಿಮ್ಮ ಕೈಗೆ ಹೊಂದುತ್ತದೆಯೇ?

(ಅಕ್ಕಲಕೋಟ ತಾಲೂಕಿನ ಕಲಿಕಾ ಕೇಂದ್ರದಲ್ಲಿ ಸಾಕ್ಷರತಾ ಸಂಯೋಜಕರು ಆಡಿದ ಮಾತು. ನೀವು ಓದಿರಿ. ಮನೆಯವರಿಗೂ ಓದಿ ಹೇಳಿರಿ.)



ಇವತ್ತು ಫೋನಿನ ಮಾತು ಆಡೋಣ. ಯಾವ ಕಂಪನಿ ಒಳ್ಳೇದು, ಎಷ್ಟು ಕ್ಯಾಮೆರಾ ಇರಬೇಕು ಅನ್ನೋದು ಇವತ್ತಿನ ಪಾಠ ಅಲ್ಲ. ಫೋನಿನ ಗಾತ್ರ ಇವತ್ತಿನ ಪಾಠ.

ಸುಗ್ಗಿ ಮುಗಿದ ಮೇಲೆ, ಇಲ್ಲವೇ ಬಚತ ಗಟದ ರೊಕ್ಕ ಕೈಗೆ ಬಂದ ಮೇಲೆ, ನಮ್ಮಲ್ಲಿ ಬಹಳ ಮಂದಿ ಬಟನ್ ಫೋನ್ ಬಿಟ್ಟು ಟಚ್ ಫೋನ್ ಕೊಳ್ಳಲು ಹೊರಡುತ್ತಾರೆ. ಅಂಗಡಿಯವರು ದೊಡ್ಡದನ್ನೇ ಮುಂದೆ ಇಡುತ್ತಾರೆ. "ದೊಡ್ಡದು ತಗೋರಿ, ಎಲ್ಲಾ ಚಂದ ಕಾಣಸ್ತದ" ಅಂತಾರೆ. ಜೊತೆಗೆ ಬಂದ ಮಗನೂ ಹೂಂ ಅಂತಾನೆ. ರೊಕ್ಕ ಕೊಟ್ಟು ಮನೆಗೆ ಬರುತ್ತೀರಿ. ಆಮೇಲೆ ಆ ಫೋನು ಕೈಯಲ್ಲಿ ನಿಲ್ಲೋದಿಲ್ಲ, ಚೀಲದಲ್ಲಿ ಹಿಡಿಯೋದಿಲ್ಲ. ನಾಲ್ಕು ದಿನಕ್ಕೆ ಅದು ಮಗನ ಫೋನ್ ಆಗಿಬಿಡುತ್ತದೆ!

ಹೀಗೆ ಆಗಬಾರದು. ದುಡಿದ ರೊಕ್ಕ ನಿಮ್ಮದು. ಹಿಡಿಯುವ ಕೈ ನಿಮ್ಮದು. ಓದುವ ಕಣ್ಣೂ ನಿಮ್ಮದು. ಅದಕ್ಕೇ ಗಾತ್ರವನ್ನು ನೀವೇ ಅಳೆದು, ನೀವೇ ಗೊತ್ತು ಮಾಡಬೇಕು. ಅದು ಹೇಗೆ ಅಂತ ನೋಡೋಣ.

ಇಂಚು ಅಂದರೆ ಏನು?

ಫೋನಿನ ಡಬ್ಬಿಯ ಮೇಲೆ 6.5 ಇಂಚು, 6.7 ಇಂಚು ಅಂತ ಬರೆದಿರುತ್ತದೆ. ಅದು ಫೋನಿನ ಉದ್ದವೂ ಅಲ್ಲ, ಅಗಲವೂ ಅಲ್ಲ. ಅದು ಪರದೆಯ ಓರೆ ಅಳತೆ. ಪರದೆಯ ಮೇಲಿನ ಒಂದು ಮೂಲೆಯಿಂದ ಕೆಳಗಿನ ಎದುರು ಮೂಲೆಗೆ ಟೇಪು ಹಿಡಿದರೆ ಬರುವ ಅಳತೆ. ಸಿಂಪಿಗರ ಟೇಪಿನಲ್ಲಿ ನೀವೇ ಅಳೆದು ನೋಡಬಹುದು. ಒಂದು ಇಂಚು ಅಂದರೆ ಎರಡೂವರೆ ಸೆಂಟಿಮೀಟರಿಗೆ ಕೂದಲೆಳೆ ಹೆಚ್ಚು.

2007ರಲ್ಲಿ ಬಂದ ಮೊದಲ ಐಫೋನಿನ ಪರದೆ 3.5 ಇಂಚು ಇತ್ತು. 2011ರಲ್ಲಿ ಸ್ಯಾಮ್‌ಸಂಗ್ ಕಂಪನಿ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಿತು. ಆಗ ಅದೇ ಬಲು ದೊಡ್ಡ ಫೋನು. ಈಗ ಕಡಿಮೆ ಬೆಲೆಯ ಫೋನುಗಳೂ ಬಹಳವಾಗಿ ಆರೂವರೆ ಇಂಚಿನ ಮೇಲೇ ಇರುತ್ತವೆ. ಸಣ್ಣ ಟಚ್ ಫೋನ್ ಸಿಗುವುದು ಕಷ್ಟ. ಆಪಲ್ ಕಂಪನಿ 2020 ಮತ್ತು 2021ರಲ್ಲಿ 5.4 ಇಂಚಿನ 'ಮಿನಿ' ಫೋನು ಮಾಡಿತು. 2022ರ ಸಾಲಿನಲ್ಲಿ 'ಮಿನಿ' ಬರಲೇ ಇಲ್ಲ.

ಇಂಚಿನ ಲೆಕ್ಕದಲ್ಲಿ ಒಂದು ಮೋಸ ಇದೆ, ನೋಡಿರಿ. ಹಳೆಯ 5.5 ಇಂಚಿನ ಫೋನು ಕುಳ್ಳಗೆ ಇತ್ತು. ಈಗಿನ 6.5 ಇಂಚಿನ ಫೋನು ಉದ್ದಕ್ಕೆ ಬೆಳೆದಿದೆ. ಎರಡರ ಪರದೆಯ ಅಗಲ ಹೆಚ್ಚುಕಡಿಮೆ ಒಂದೇ, 7 ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಇಂಚು ಹೆಚ್ಚಾದರೂ ಅಗಲ ಹೆಚ್ಚಾಗಲಿಲ್ಲ! ಕೈಗೆ ತೊಡಕಾಗುವುದು ಅಗಲ. ಕಿಸೆಗೆ ತೊಡಕಾಗುವುದು ಉದ್ದ. ಅದಕ್ಕೇ ಬರೀ ಇಂಚು ಕೇಳಬೇಡಿ. ಅಗಲ ಎಷ್ಟು, ಉದ್ದ ಎಷ್ಟು, ತೂಕ ಎಷ್ಟು ಅಂತ ಮೂರನ್ನೂ ಕೇಳಿರಿ.

ಐದುನೂರರ ನೋಟಿನ ಅಳತೆ

ಟೇಪು ಇಲ್ಲದಿದ್ದರೆ ಚಿಂತೆ ಇಲ್ಲ. ಈಗಿನ 500 ರೂಪಾಯಿ ನೋಟಿನ ಉದ್ದ 15 ಸೆಂಟಿಮೀಟರ್. ಅಗಲ 6.6 ಸೆಂಟಿಮೀಟರ್. ನೋಟನ್ನು ಫೋನಿನ ಮೇಲೆ ಇಡಿರಿ. 6.7 ಇಂಚಿನ ಫೋನು ನೋಟಿಗಿಂತ ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲ ಇರುತ್ತದೆ. ಮೇಲೆ ಕವರ್ ಹಾಕಿದರೆ ಇನ್ನೂ ಬೆಳೆಯುತ್ತದೆ.

ಇನ್ನು ತೂಕ. ಟಾರ್ಚ್ ಇದ್ದ ನೋಕಿಯಾ 1100 ನೆನಪಿದೆಯೇ? 2003ರಲ್ಲಿ ಬಂತು. ಅದರ ತೂಕ 86 ಗ್ರಾಂ. ಈಗಿನ ದೊಡ್ಡ ಫೋನು ಸುಮಾರು 200 ಗ್ರಾಂ ಇರುತ್ತದೆ. ಅಂದರೆ ಎರಡು ನೋಕಿಯಾಕ್ಕಿಂತ ಹೆಚ್ಚು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 200 ಗ್ರಾಮಿನ ಕಲ್ಲು ನೋಡಿದ್ದೀರಲ್ಲ, ಅಷ್ಟು ಭಾರ. ಒಂದು ಸಲ ಎತ್ತಿದರೆ ಏನೂ ಅನ್ನಿಸೋದಿಲ್ಲ. ಮಲಗಿಕೊಂಡು ಅರ್ಧ ತಾಸು ಮುಖದ ಮೇಲೆ ಹಿಡಿದು ನೋಡಿರಿ. ಮಣಿಕಟ್ಟು ತಾನೇ ಹೇಳುತ್ತದೆ.

ದೊಡ್ಡ ಪರದೆಯ ಲಾಭ

ದೊಡ್ಡ ಫೋನು ಬೇಡ ಅಂತ ನಾನು ಹೇಳುತ್ತಿಲ್ಲ. ಹೊಸದಾಗಿ ಓದಲು ಕಲಿತವರಿಗೆ ಅದರಿಂದ ನಿಜವಾದ ಲಾಭ ಇದೆ.

ನಾವಿರುವ ರಾಜ್ಯದ ಹೆಸರನ್ನೇ ತೆಗೆದುಕೊಳ್ಳಿರಿ. ಮಹಾರಾಷ್ಟ್ರ. ಕೊನೆಯ ಅಕ್ಷರ ನೋಡಿರಿ. 'ಷ'ಗೆ 'ಟ' ಒತ್ತು. ಅದಕ್ಕೆ ಮತ್ತೆ 'ರ' ಒತ್ತು. ಒಂದೇ ಕಡೆ ಮೂರು ವ್ಯಂಜನ! ಅಕ್ಷರ ಸಣ್ಣದಾದರೆ ಕೆಳಗಿನ ಒತ್ತು ಕಣ್ಣಿಗೆ ಚುಕ್ಕಿಯ ಹಾಗೆ ಕಾಣುತ್ತದೆ. 'ದ' ಯಾವುದು, 'ಧ' ಯಾವುದು ಗೊತ್ತಾಗೋದಿಲ್ಲ. ನಡುವೆ ಇರುವುದು ಒಂದು ಸಣ್ಣ ಗೆರೆ ಅಷ್ಟೇ. ಪುಸ್ತಕದಲ್ಲಿ ದೊಡ್ಡ ಅಕ್ಷರ ಓದಿ ರೂಢಿಯಾದವರು ಫೋನಿನಲ್ಲಿ ಸಣ್ಣ ಅಕ್ಷರ ಕಂಡು, "ನನಗ ಓದಾಕ ಬರೂದಿಲ್ಲ ಬಿಡ್ರಿ" ಅಂತ ಕೈಬಿಡುತ್ತಾರೆ. ಓದು ಬರುತ್ತದೆ. ಅಕ್ಷರ ಕಾಣುವುದಿಲ್ಲ, ಅಷ್ಟೇ.

ಅಕ್ಷರದ ಗಾತ್ರವನ್ನು ಯಾವ ಟಚ್ ಫೋನಿನಲ್ಲಾದರೂ ಹೆಚ್ಚಿಸಬಹುದು. ಸೆಟ್ಟಿಂಗ್ ತೆರೆಯಿರಿ. ಅದರಲ್ಲಿ ಡಿಸ್‌ಪ್ಲೇ ಅಂತ ಇರುತ್ತದೆ. ಅದರೊಳಗೆ ಫಾಂಟ್ ಗಾತ್ರ ಇರುತ್ತದೆ. ಫೋನಿನ ಭಾಷೆಯನ್ನೂ ಕನ್ನಡಕ್ಕೆ ತಿರುಗಿಸಬಹುದು. ಅಂಗಡಿಯಲ್ಲಿ ಇಂಗ್ಲಿಷ್ ಇಲ್ಲವೇ ಮರಾಠಿ ಹಾಕಿ ಕೊಟ್ಟಿದ್ದರೆ, "ಕನ್ನಡ ಹಾಕಿ ಕೊಡ್ರಿ" ಅಂತ ಕೇಳಲು ನಾಚಬೇಡಿ. ಆದರೆ ಸಣ್ಣ ಪರದೆಯಲ್ಲಿ ಅಕ್ಷರ ದೊಡ್ಡದು ಮಾಡಿದರೆ ಒಂದು ಸಾಲಿಗೆ ಎರಡೋ ಮೂರೋ ಶಬ್ದ ಹಿಡಿಯುತ್ತವೆ. ದೊಡ್ಡ ಪರದೆಯಲ್ಲಿ ಅಕ್ಷರವೂ ದೊಡ್ಡದು, ಸಾಲೂ ತುಂಬಿರುತ್ತದೆ. ಓದು ಸರಾಗ ಆಗುತ್ತದೆ.

ಬೆರಳಿನಿಂದ ಬರೆಯುವಾಗಲೂ ಹಾಗೆಯೇ. ಕನ್ನಡ ಕೀಲಿಮಣೆಯಲ್ಲಿ ಅಕ್ಷರಗಳು ಬಹಳ. ಪರದೆ ಅಗಲ ಇದ್ದರೆ ಪ್ರತಿ ಕೀಲಿಯೂ ಸ್ವಲ್ಪ ಅಗಲ. ಹೊಲದಲ್ಲಿ ದುಡಿದು ದಪ್ಪಗಾದ ಬೆರಳು ತಪ್ಪು ಅಕ್ಷರದ ಮೇಲೆ ಬೀಳುವುದು ಕಡಿಮೆ. ಹೊಲದ ಸಾತ್‌ಬಾರಾ ಉತಾರಾ ನೋಡುವಾಗಲೂ ದೊಡ್ಡ ಪರದೆ ಒಳ್ಳೇದು. ಅದರಲ್ಲಿ ಮನೆ ಮನೆ ಹಾಕಿದ ಕೋಷ್ಟಕ ಇರುತ್ತದೆ. ಫೋನನ್ನು ಅಡ್ಡ ತಿರುಗಿಸಿದರೆ ಗಟ ನಂಬರ್, ಕ್ಷೇತ್ರ, ಹೆಸರು ಇನ್ನಷ್ಟು ಸ್ಪಷ್ಟ ಕಾಣುತ್ತವೆ.

ನಲವತ್ತು ದಾಟಿದವರಿಗೆ ಇನ್ನೊಂದು ಮಾತು. ಚಾಳೀಸು ಬಂದಿದ್ದರೆ ಮೊದಲು ಕಣ್ಣು ತೋರಿಸಿ ಚಷ್ಮಾ ಮಾಡಿಸಿರಿ. ಚಷ್ಮಾದ ಕೆಲಸವನ್ನು ದೊಡ್ಡ ಫೋನು ಮಾಡೋದಿಲ್ಲ.

ದೊಡ್ಡ ಫೋನಿನ ತೊಡಕು

ಸೀರೆಗೆ ಕಿಸೆ ಇಲ್ಲ. ಇದು ಅಕ್ಕಂದಿರಿಗೆ ಹೇಳಬೇಕಾದ ಮಾತಲ್ಲ, ಅಂಗಡಿಯವರಿಗೆ ಹೇಳಬೇಕಾದ ಮಾತು! ಬಟನ್ ಫೋನು ಎಲೆಅಡಿಕೆಯ ಚಂಚಿಯಲ್ಲಿ ಹಿಡಿಯುತ್ತದೆ, ಸೊಂಟಕ್ಕೆ ಸಿಗಿಸಿದರೂ ನಿಲ್ಲುತ್ತದೆ. ದೊಡ್ಡ ಫೋನು ನಿಲ್ಲೋದಿಲ್ಲ. ಕಳೆ ತೆಗೆಯುವಾಗ ಅದನ್ನು ಬದುವಿನ ಮೇಲೆ ಬುತ್ತಿಯ ಹತ್ತಿರ ಇಡಬೇಕು. ಬಿಸಿಲಿಗೆ ಕಾಯುತ್ತದೆ. ಕರೆ ಬಂದರೆ ಕೇಳೋದಿಲ್ಲ. ಅಣ್ಣಂದಿರ ಅಂಗಿಯ ಕಿಸೆಯಲ್ಲಿ ಅದು ತಲೆ ಹೊರಗೆ ಹಾಕಿ ನಿಲ್ಲುತ್ತದೆ. ಬಾವಿಯ ಮೋಟರ್ ನೋಡಲು ಬಗ್ಗಿದರೆ ನೇರ ನೀರಿಗೆ! ಪ್ಯಾಂಟಿನ ಹಿಂದಿನ ಕಿಸೆಯಲ್ಲಿಟ್ಟು ಕುಳಿತರೆ ಗಾಜು ಬಿರಿಯಬಹುದು.

ದಿನಾ ಸೋಲಾಪುರಕ್ಕೆ ಎಸ್.ಟಿ. ಬಸ್ಸಿನಲ್ಲಿ ನಿಂತು ಹೋಗುವವರ ಒಂದು ಕೈ ಕಂಬಿಗೆ ಬೇಕು. ಉಳಿದದ್ದು ಒಂದೇ ಕೈ. ಆ ಕೈಯ ಹೆಬ್ಬೆರಳು ಪರದೆಯ ಮೇಲಿನ ಮೂಲೆಗೆ ಮುಟ್ಟಬೇಕು. ಮುಟ್ಟದಿದ್ದರೆ ಫೋನನ್ನು ಅಂಗೈಯಲ್ಲಿ ಜಾರಿಸುತ್ತೀರಿ. ಜಾರಿದ ಫೋನು ಬೀಳುತ್ತದೆ. ಪರದೆ ಒಡೆದರೆ ಹೊಸ ಪರದೆಗೆ ಫೋನಿನ ಬೆಲೆಯ ದೊಡ್ಡ ಪಾಲು ಹೋಗುತ್ತದೆ. ಕೆಲವು ಫೋನುಗಳಲ್ಲಿ ಒಂದೇ ಕೈಯಿಂದ ಬಳಸುವ ಸೌಲಭ್ಯ ಇರುತ್ತದೆ. ಅದನ್ನು ಹಾಕಿದರೆ ಪರದೆಯ ಚಿತ್ರ ಕೆಳಗೆ ಇಳಿದು ಬೆರಳಿಗೆ ಸಿಗುತ್ತದೆ. ಅಂಗಡಿಯಲ್ಲಿ ತೋರಿಸಲು ಹೇಳಿರಿ.

ಅದೇ ಸ್ವಾಮಿ ಸಮರ್ಥರ ಗುಡಿಯ ಹತ್ತಿರ ಹೂವು ಕಾಯಿ ಮಾರುವವರನ್ನು ನೋಡಿರಿ. ಅವರು ಒಂದೇ ಕಡೆ ಕೂಡುತ್ತಾರೆ. ಫೋನು ಎದುರಿಗೆ ಹಲಗೆಯ ಮೇಲೆ ಇರುತ್ತದೆ. ಯಾರು ಎಷ್ಟು ಹಾಕಿದರು ಅಂತ ಓದಬೇಕು. ಅವರಿಗೆ ದೊಡ್ಡ ಪರದೆ ಅನುಕೂಲ. ಮನೆಯಲ್ಲಿ ಕುಳಿತು ಪುಣೆಯಲ್ಲಿರುವ ಮಗಳ ಮುಖ ನೋಡುತ್ತ ಮಾತಾಡುವ ಅಜ್ಜಿಗೂ ಅನುಕೂಲ. ಫೋನು ಒಂದೇ. ಕೆಲಸ ಬೇರೆ ಬೇರೆ.

ಮನೆಯಲ್ಲಿ ದೊಡ್ಡದು, ಜೊತೆಗೆ ಸಣ್ಣದು

ಕೆಲವು ಮನೆಗಳಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಮನೆಯಲ್ಲಿ ಓದಲು, ನೋಡಲು ಒಂದು ದೊಡ್ಡ ಫೋನು. ಹೊಲಕ್ಕೆ ಒಯ್ಯಲು ಹಳೆಯ ಬಟನ್ ಫೋನು. ಬಟನ್ ಫೋನು ಒಮ್ಮೆ ಚಾರ್ಜ್ ಮಾಡಿದರೆ ಹಲವು ದಿನ ನಡೆಯುತ್ತದೆ. ಕರೆಂಟು ಹೋದರೂ ಚಿಂತೆ ಇಲ್ಲ. ಅದರಿಂದ ರೊಕ್ಕವನ್ನೂ ಕಳಿಸಬಹುದು. 2022ರ ಮಾರ್ಚ್ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಬಟನ್ ಫೋನಿನವರಿಗಾಗಿ ಯು.ಪಿ.ಐ. 123ಪೇ ಅನ್ನುವ ಸೌಲಭ್ಯ ಆರಂಭಿಸಿತು. ಆದರೆ ಎರಡು ಫೋನ್ ಅಂದರೆ ಎರಡು ಸಿಮ್, ಎರಡು ರಿಚಾರ್ಜ್. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಲ್ಲಿ ಒಂದು ಮಾತು ಮರೆಯಬೇಡಿ. ನಿಮ್ಮ ಬ್ಯಾಂಕ್ ಖಾತೆಗೆ ಕೊಟ್ಟ ನಂಬರಿನ ಸಿಮ್ ನಿಮ್ಮ ಹತ್ತಿರವೇ ಇರಬೇಕು. ಖಾತೆಗೆ ರೊಕ್ಕ ಬಂದ ಸಂದೇಶ, ಹೋದ ಸಂದೇಶ, ಗುಟ್ಟಿನ ಅಂಕಿ, ಎಲ್ಲವೂ ಆ ನಂಬರಿಗೇ ಬರುತ್ತವೆ. ಫೋನು ಕೈಗೆ ದೊಡ್ಡದಾಯಿತು ಅಂತ ಮತ್ತೊಬ್ಬರಿಗೆ ಕೊಟ್ಟರೆ ಆ ಸಂದೇಶವನ್ನೂ ಕೊಟ್ಟ ಹಾಗೆ. ಅಕ್ಷರ ಕಲಿತದ್ದು ನಮ್ಮ ಲೆಕ್ಕ ನಾವೇ ಓದಲಿಕ್ಕೆ, ಹೌದಿಲ್ರೀ?

ಕೊಳ್ಳುವ ಮುಂಚೆ ಪರೀಕ್ಷೆ

ಮೊದಲು ಮನೆಯಲ್ಲಿ ಮಾಡುವ ಪರೀಕ್ಷೆ. ಒಂದು ರಟ್ಟು ತಗೊಳ್ಳಿರಿ. 16.5 ಸೆಂಟಿಮೀಟರ್ ಉದ್ದ, 7.7 ಸೆಂಟಿಮೀಟರ್ ಅಗಲ ಕತ್ತರಿಸಿರಿ. ಅದೇ ಅಳತೆಯ ಬಟ್ಟೆಯ ಚೀಲ ಹೊಲಿದು, 200 ಗ್ರಾಂ ಜೋಳ ತುಂಬಿ, ರಟ್ಟಿಗೆ ಕಟ್ಟಿರಿ. ಇದೇ ನಿಮ್ಮ ದೊಡ್ಡ ಫೋನು! ದಪ್ಪ ಸ್ವಲ್ಪ ಹೆಚ್ಚಾಗುತ್ತದೆ, ಆಗಲಿ. ಎರಡು ದಿನ ಅದನ್ನು ಹೊಲಕ್ಕೆ, ಬಾಜಾರಕ್ಕೆ, ಬಸ್ಸಿಗೆ ಒಯ್ಯಿರಿ. ಎಲ್ಲಿ ಇಟ್ಟಿರಿ? ಎಷ್ಟು ಸಲ ಬಿತ್ತು? ಎಷ್ಟು ಸಲ ಮರೆತು ಬಂದಿರಿ? ರೊಕ್ಕ ಖರ್ಚಿಲ್ಲದೆ ಉತ್ತರ ಸಿಗುತ್ತದೆ. ಜೋಳ ಆಮೇಲೆ ರೊಟ್ಟಿಗೆ ಆಗುತ್ತದೆ.

ಇನ್ನು ಅಂಗಡಿಯಲ್ಲಿ ಮಾಡುವ ಪರೀಕ್ಷೆ.

1. ಕವರ್ ಹಾಕಿದ ಫೋನನ್ನೇ ಕೈಗೆ ತೆಗೆದುಕೊಳ್ಳಿರಿ.
2. ಒಂದೇ ಕೈಯಲ್ಲಿ ಹಿಡಿಯಿರಿ. ಹೆಬ್ಬೆರಳು ಎಲ್ಲಿವರೆಗೆ ಮುಟ್ಟುತ್ತದೆ ನೋಡಿರಿ.
3. ನಿಮ್ಮ ಕಿಸೆಯಲ್ಲಿ ಇಲ್ಲವೇ ಚೀಲದಲ್ಲಿ ಇಡಿರಿ. ಕುಳಿತು, ಎದ್ದು, ಬಗ್ಗಿ ನೋಡಿರಿ.
4. ಕನ್ನಡ ಅಕ್ಷರ ತೆರೆಯಲು ಹೇಳಿರಿ. ನಾಲ್ಕು ಸಾಲು ಗಟ್ಟಿಯಾಗಿ ಓದಿರಿ. ಒತ್ತಕ್ಷರ ಕಾಣುತ್ತದೆಯೇ?
5. ಅಂಗಡಿಯ ಹೊರಗೆ ಬಿಸಿಲಿಗೆ ಬಂದು ನೋಡಿರಿ. ಪರದೆ ಕಾಣುತ್ತದೆಯೇ?
6. ಕಣ್ಣ ಮುಂದೆ ಹಿಡಿದು ನೂರು ಎಣಿಸಿರಿ. ಕೈ ಸೋಲುತ್ತದೆಯೇ?

ಡಬ್ಬಿ ಒಡೆಯಲು ಅಂಗಡಿಯವರು ಒಪ್ಪದಿದ್ದರೆ, ಅದೇ ಗಾತ್ರದ ಫೋನು ಇರುವ ನೆರೆಯವರ ಕೈಯಿಂದ ಒಂದು ಗಳಿಗೆ ಕೇಳಿ ತಗೊಳ್ಳಿರಿ. "ಬೇಗ ಹೇಳ್ರಿ, ಗಿರಾಕಿ ಕಾಯಾಕತ್ತಾರ" ಅಂತ ಅವಸರ ಮಾಡಿದರೆ, "ನಾಳೆ ಬರ್ತೀನ್ರಿ" ಅಂತ ಹೇಳಿ ಎದ್ದು ಬರಲೂ ಬಹುದು.

ನೀವೇ ಬರೆಯಿರಿ

ನೋಟ್‌ಬುಕ್ಕಿನಲ್ಲಿ ಎರಡು ಮನೆ ಹಾಕಿರಿ. ಒಂದರ ಮೇಲೆ 'ನೋಡುವ ಕೆಲಸ' ಅಂತ ಬರೆಯಿರಿ. ಓದುವುದು, ಬರೆಯುವುದು, ವಿಡಿಯೋ ನೋಡುವುದು ಅದರಲ್ಲಿ ಬರುತ್ತವೆ. ಇನ್ನೊಂದರ ಮೇಲೆ 'ಒಯ್ಯುವ ಕೆಲಸ' ಅಂತ ಬರೆಯಿರಿ. ಹೊಲದಲ್ಲಿ, ಬಸ್ಸಿನಲ್ಲಿ, ದಾರಿಯಲ್ಲಿ ಮಾತಾಡುವುದು ಅದರಲ್ಲಿ ಬರುತ್ತದೆ. ಮೂರು ದಿನ, ಫೋನು ಹಿಡಿದಾಗಲೆಲ್ಲ ಒಂದು ಗೆರೆ ಎಳೆಯಿರಿ. ಮೂರನೆಯ ದಿನ ಸಂಜೆ ಗೆರೆ ಎಣಿಸಿರಿ.

ನೋಡುವ ಕೆಲಸದ ಗೆರೆ ಹೆಚ್ಚು ಇದ್ದರೆ ದೊಡ್ಡ ಫೋನು ನಿಮಗೆ ಹೊಂದುತ್ತದೆ. ಒಯ್ಯುವ ಕೆಲಸದ ಗೆರೆ ಹೆಚ್ಚು ಇದ್ದರೆ, ಅಂಗಡಿಯಲ್ಲಿ ಸಿಗುವುದರಲ್ಲೇ ಅಗಲ ಕಡಿಮೆ, ತೂಕ ಕಡಿಮೆ ಇರುವುದನ್ನು ಆರಿಸಿರಿ. ಇಲ್ಲವೇ ಬಟನ್ ಫೋನನ್ನು ಬಿಡಬೇಡಿ. ಎರಡೂ ಸಮ ಇದ್ದರೆ ಜೋಳದ ಚೀಲದ ಪರೀಕ್ಷೆ ಏನು ಹೇಳಿತೋ ಅದನ್ನು ಕೇಳಿರಿ.

ಮುಂದಿನ ವಾರ ಬರುವಾಗ ಆ ಹಾಳೆ ತನ್ನಿರಿ. ಒಬ್ಬೊಬ್ಬರೇ ಓದಿ ಹೇಳಿರಿ. ಅಕ್ಕನ ಹಾಳೆ ಒಂದು ಹೇಳಬಹುದು, ತಂಗಿಯ ಹಾಳೆ ಇನ್ನೊಂದು ಹೇಳಬಹುದು. ಇಬ್ಬರದೂ ಸರಿ.